ಶಿಲ್ಕು ಉಳಿಸಿ ಏಳಿ: ದಿನಾ ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮಪ್ಪ ದಾವಣಗೆರೆಯ ಮಂಡಿಪೇಟೆಯಲ್ಲಿ 30 ವರ್ಷ ಲೆಕ್ಕ ಬರೆದವರು. ದಿನದಿನದ ಲೆಕ್ಕ ಬರೆಯುವ, ಉದ್ದನೆಯ ಕೆಂಪು ರಟ್ಟಿನ ಕಿರ್ದಿ ಪುಸ್ತಕ. ಎಡಗಡೆ ಜಮಾ, ಬಲಗಡೆ ಖರ್ಚು, ಕೆಳಗೆ ಶಿಲ್ಕು, ಅಂದರೆ ಖರ್ಚು ಕಳೆದು ಕೈಯಲ್ಲಿ ಉಳಿದದ್ದು. ರಾತ್ರಿ ಎಷ್ಟೇ ಹೊತ್ತಾಗಲಿ, ಶಿಲ್ಕು ತೆಗೆದು, ಗಲ್ಲಾ ಪೆಟ್ಟಿಗೆಯ ದುಡ್ಡಿನ ಜೊತೆ ತಾಳೆ ನೋಡಿ, ಆಮೇಲೆ ಅಂಗಡಿಗೆ ಬೀಗ. ಮರುದಿನ ಹೊಸ ಹಾಳೆಯ ಮೊದಲ ಸಾಲು ಯಾವಾಗಲೂ ಒಂದೇ: ‘ನಿನ್ನೆಯ ಶಿಲ್ಕು’. ಪೂರ್ತಿ ಖಾಲಿ ಹಾಳೆಯ ಮುಂದೆ ಅಪ್ಪ ಕೂತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ನಾನು ಮಕ್ಕಳಿಗೆ ಕಥೆ ಬರೆಯುತ್ತೇನೆ, ಅದರ ಚಿತ್ರಗಳನ್ನೂ ನಾನೇ ಬಿಡಿಸುತ್ತೇನೆ. ಹೊಟ್ಟೆಪಾಡಿನ ಕೆಲಸ ಚಿತ್ರದುರ್ಗದ ಒಂದು ಕಚೇರಿಯಲ್ಲಿ. ದಿನಾ ಬಸ್ಸಿನಲ್ಲಿ 60 ಕಿಲೋಮೀಟರ್ ಹೋಗಿ ಅಷ್ಟೇ ದೂರ ವಾಪಸ್ ಬರಬೇಕು. ಮನೆಯಲ್ಲಿ ಅತ್ತೆ, ಗಂಡ, ಶಾಲೆಗೆ ಹೋಗುವ ಮಗ. ‘ಇಷ್ಟರಲ್ಲಿ ಟೈಮ್ ಎಲ್ಲಿ ಸಿಗುತ್ತೆ? ಬರೆಯೋಕೆ ಹೊಳೆಯೋದಾದರೂ ಹೇಗೆ?’ ಅಂತ ತುಂಬಾ ಜನ ಕೇಳುತ್ತಾರೆ. ಎರಡಕ್ಕೂ ಉತ್ತರ ನನಗೆ ಸಿಕ್ಕಿದ್ದು ಅಪ್ಪನ ಕಿರ್ದಿಯಲ್ಲಿ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕವಿತೆ, ಕಥೆ, ಚಿತ್ರ, ಹಾಡು, ನಾಟಕ, ಯಾವುದಾದರೂ ಸರಿ. ನೌಕರಿ, ಮನೆ ಎರಡನ್ನೂ ನೋಡಿಕೊಂಡು ಏನಾದರೂ ಮಾಡಬೇಕು ಅನ್ನುವವರಿಗೆ ಇದು ಜಾಸ್ತಿ ಉಪಯೋಗ.

ಮೊದಲ ವಾರ ಏನೂ ಬರೆಯಬೇಡಿ

ಯುಗಾದಿಯಿಂದ ಶುರು ಮಾಡ್ತೀನಿ, ದೀಪಾವಳಿಯಿಂದ ಶುರು ಮಾಡ್ತೀನಿ ಅಂತ ಕಾಯಬೇಡಿ. ಇವತ್ತೇ ಶುರು ಮಾಡಿ. ಆದರೆ ಮೊದಲ ಏಳು ದಿನ ಕಥೆ ಬೇಡ, ಚಿತ್ರ ಬೇಡ. ನಿಮ್ಮ ದಿನ ಎಲ್ಲಿ ಹೋಗುತ್ತದೆ ಅನ್ನುವುದನ್ನಷ್ಟೇ ಬರೆದಿಡಿ. ಎದ್ದಿದ್ದು ಎಷ್ಟಕ್ಕೆ, ನಲ್ಲಿ ನೀರು ಬಂದಿದ್ದು ಎಷ್ಟಕ್ಕೆ, ತಿಂಡಿ, ಡಬ್ಬಿ, ಬಸ್ಸು, ಕಚೇರಿ, ಫೋನ್ ನೋಡಿದ್ದು, ಧಾರಾವಾಹಿ ನೋಡಿದ್ದು, ಎಲ್ಲ. ಯಾರಿಗೂ ತೋರಿಸುವುದಿಲ್ಲ, ಹಾಗಾಗಿ ಸುಳ್ಳು ಬರೆಯಬೇಡಿ.

ಏಳನೇ ದಿನ ಆ ಹಾಳೆಗಳನ್ನು ಮುಂದಿಟ್ಟುಕೊಂಡು, ದಿನಾ ಕೂರುವುದಕ್ಕೆ 45 ನಿಮಿಷದ ಒಂದು ಹೊತ್ತು ಹುಡುಕಿ. ಇಲ್ಲೊಂದು ವಿಷಯ ಗಮನಿಸಬೇಕು. ‘ಬಿಡುವಾಗಿರುವ ಹೊತ್ತು’ ಯಾವುದು ಅಂತ ಹುಡುಕಬೇಡಿ. ಬಿಡುವಿನ ಹೊತ್ತಿನ ಮೇಲೆ ಎಲ್ಲರಿಗೂ ಕಣ್ಣು. ಸಂಜೆ ಏಳು ಗಂಟೆ ಬಿಡುವಾಗಿದೆ ಅಂದುಕೊಂಡರೆ ಆ ಹೊತ್ತಿಗೇ ನೆಂಟರು ಬರುತ್ತಾರೆ, ಮಗನಿಗೆ ಲೆಕ್ಕ ಅರ್ಥವಾಗುವುದಿಲ್ಲ, ಗ್ಯಾಸ್ ಮುಗಿಯುತ್ತದೆ. ಬೇರೆ ಯಾರಿಗೂ ಬೇಡವಾದ ಹೊತ್ತು ಯಾವುದು ಅಂತ ಹುಡುಕಿ. ನನಗೆ ಸಿಕ್ಕಿದ್ದು ಬೆಳಗಿನ ಐದರಿಂದ ಐದೂ ಮುಕ್ಕಾಲು. ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದರು. ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಅವರೂ ಮಕ್ಕಳು ಏಳುವ ಮೊದಲು, ಬೆಳಕು ಹರಿಯುವ ಮುಂಚೆ ಬರೆಯುತ್ತಿದ್ದರು. 1993ರಲ್ಲಿ ಅವರಿಗೆ ನೊಬೆಲ್ ಬಂತು. ನಿಮಗೆ ರಾತ್ರಿ ಹತ್ತೂವರೆ ಒಗ್ಗುತ್ತಾ? ಅದೇ ಇರಲಿ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲಿನ 25 ನಿಮಿಷವಾ? ಅದೂ ನಡೆಯುತ್ತದೆ. ದಿನಾ ಅದೇ ಹೊತ್ತು ಆಗಿರಬೇಕು, ಅಷ್ಟೇ.

ಜಾಗ, ಮತ್ತು ಮನೆಯವರು

ಜಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನದು ಅಡುಗೆಮನೆಯ ಪಕ್ಕದ ಪ್ಯಾಸೇಜಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಪರೀಕ್ಷೆಗೆ ಒಯ್ಯುವಂಥ ರಟ್ಟು. ರಾತ್ರಿ ಮಲಗುವ ಮುಂಚೆ ರಟ್ಟು, ಪುಸ್ತಕ, ಪೆನ್ನು, ಚಿತ್ರದ ದಿನವಾದರೆ ಪೆನ್ಸಿಲ್ಲು, ಎಲ್ಲ ಅಲ್ಲೇ ಇಟ್ಟಿರುತ್ತೇನೆ. ಬೆಳಿಗ್ಗೆ ಹುಡುಕಾಡುವ ಕೆಲಸ ಇರಬಾರದು. ಫೋನ್ ಬೇರೆ ಕೋಣೆಯಲ್ಲಿ. ಅಲಾರಂಗೆ ಬೇಕು ಅನ್ನುವುದಾದರೆ ಹಳೇ ಅಲಾರಂ ಗಡಿಯಾರ ತಂದುಕೊಳ್ಳಿ.

ಕಷ್ಟ ಇರುವುದು ಮನೆಯವರಿಗೆ ಹೇಳುವುದರಲ್ಲಿ. ನಾನು ಮೊದಲ ಎರಡು ವಾರ ಯಾರಿಗೂ ಹೇಳದೆ ಕದ್ದು ಕೂತೆ. ಅದು ತಪ್ಪಾಯಿತು. ಬಾಗಿಲ ಸದ್ದಾದರೆ ಸಾಕು, ಪುಸ್ತಕ ಮುಚ್ಚಿಡುತ್ತಿದ್ದೆ. ಮೂರನೇ ವಾರ ಅತ್ತೆಗೆ ನೇರವಾಗಿ ಹೇಳಿದೆ: ‘ಅತ್ತೇರೆ, ಐದೂ ಮುಕ್ಕಾಲು ಆಗೋವರೆಗೆ ನನ್ನ ಕರೀಬೇಡ್ರಿ. ಒಲೆ ಹಚ್ಚೋದು ಆಮೇಲೆ.’

‘ಏನ್ ಬರೀತಿಯವ್ವ ಅಷ್ಟು ಹೊತ್ತಿನಾಗ?’

ಓದಿ ಹೇಳಿದೆ. ಮೂರು ಪುಟದ ಕಥೆ, ಅರ್ಧ ಆಗಿತ್ತು. ಕೇಳಿದ ಮೇಲೆ ಅವರು ಏನೂ ಹೇಳಲಿಲ್ಲ. ಮರುದಿನ ಹಾಲಿನವನು ಗೇಟ್ ಬಡಿಯುವ ಮುಂಚೆಯೇ ಅವರು ಹೊರಗೆ ಹೋಗಿ ಪಾತ್ರೆ ಹಿಡಿದು ನಿಂತಿದ್ದರು. ಆಮೇಲೆ ಐದಕ್ಕೆ ನಾನು ಏಳದಿದ್ದರೆ ಅವರೇ ಬಂದು ಕಾಲು ತಟ್ಟಿ ಹೋಗುತ್ತಾರೆ. 19ನೇ ಶತಮಾನದ ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರಲೇಬೇಕು ಅಂತ, ತನ್ನನ್ನು ಎಬ್ಬಿಸುವುದಕ್ಕಾಗಿಯೇ ಮನೆಯ ಹಳೇ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ತನ್ನ ಬರವಣಿಗೆಯ ಯಶಸ್ಸಿನಲ್ಲಿ ಆ ಆಳಿಗೆ ದೊಡ್ಡ ಪಾಲಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ. ಬಾಯಿಬಿಟ್ಟು ಕೇಳಬೇಕು.

ಕೂತ ಮೇಲೆ ಮೊದಲ ಹತ್ತು ನಿಮಿಷ

ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ಹೆಸರು ಕೇಳದವರು ಇಲ್ಲಿ ಕಡಿಮೆ. ಕಂಪನಿಯವರ ಬಾಯಲ್ಲಿ ಸದಾ ಇರುವ ಮಾತು ‘ತಾಲೀಮು’. ಬಣ್ಣ ಹಚ್ಚುವುದು ಆಮೇಲೆ, ತಾಲೀಮು ಮೊದಲು. ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ಆ ತಾಲೀಮು ಬೇಕು. ನಾವು ಕೂತ ತಕ್ಷಣ ಒಳ್ಳೆಯ ಸಾಲೇ ಬರಬೇಕು ಅಂತ ಕಾಯುತ್ತೇವೆ, ಬರದಿದ್ದರೆ ಎದ್ದುಬಿಡುತ್ತೇವೆ.

ನನ್ನ ತಾಲೀಮು ಇಷ್ಟೇ. ನಿನ್ನೆ ಬರೆದ ಕೊನೆಯ ನಾಲ್ಕು ಸಾಲನ್ನು ಹೊಸ ಹಾಳೆಯಲ್ಲಿ ಕೈಯಿಂದ ನಕಲು ಮಾಡುತ್ತೇನೆ. ಕಣ್ಣಲ್ಲಿ ಓದಿದರೆ ಆಗಲ್ಲ, ಕೈಯಲ್ಲೇ ಬರೆಯಬೇಕು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಒಂದು ಪದ ಬದಲಾಗುತ್ತದೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಐದನೆಯದು ತಾನಾಗೇ ಶುರುವಾಗಿರುತ್ತದೆ. ಚಿತ್ರ ಬಿಡಿಸುವ ದಿನವಾದರೆ ಎದುರಿಗಿರುವ ಪಾತ್ರೆ, ಚಪ್ಪಲಿ, ಕಸಬರಿಗೆ ಯಾವುದಾದರೂ ಒಂದನ್ನು ರಬ್ಬರ್ ಮುಟ್ಟದೆ ಐದು ಸಲ ಬಿಡಿಸಿ.

ಹಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗದಗಿನ ಕಡೆಯ ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿಯುವಾಗ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಮೂರೇ ರಾಗ, ವರ್ಷಗಟ್ಟಲೆ. ನಂಗೆ ಇದು ತುಂಬಾ ಧೈರ್ಯ ಕೊಟ್ಟ ಸಂಗತಿ. ದಿನಾ ಹೊಸದು ಮಾಡಬೇಕಾಗಿಲ್ಲ ಅಂತ ಆಯಿತಲ್ಲ!

ಎಷ್ಟು ಬರೆಯಬೇಕು?

ಈ ವಿಷಯದಲ್ಲಿ ನಾನು ಏಳು ತಿಂಗಳು ಕಳೆದುಕೊಂಡಿದ್ದೇನೆ. ‘ದಿನಕ್ಕೆ ಸಾವಿರ ಪದ ಬರೆಯಿರಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಅಲ್ವಾ? ನಾನೂ ಅದನ್ನೇ ಹಿಡಿದೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಮಗನಿಗೆ ಜ್ವರ. ಹದಿಮೂರನೇ ದಿನ ಎರಡು ಸಾವಿರ ಬಾಕಿ ಅಂತ ಕೂತೆ, ಮುನ್ನೂರಕ್ಕೆ ಕೈ ಸೋತಿತು. ಹದಿನಾಲ್ಕನೇ ದಿನ ಬಾಕಿಯ ಹೆದರಿಕೆಗೆ ಕೂರಲೇ ಇಲ್ಲ. ಹಾಗೇ ಏಳು ತಿಂಗಳು ಹೋಯಿತು.

ಆಮೇಲೆ ಯೋಚಿಸಿದಾಗ ಗೊತ್ತಾಯಿತು. ಆ ಸಾವಿರ ಇಂಗ್ಲಿಷಿನವರ ಸಾವಿರ. ‘ಮಾಡಿಕೊಡಬೇಕಾಗಿತ್ತಂತೆ’ ಅನ್ನುವುದು ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಏಳೆಂಟು ಪದ ಬೇಕು. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ಯಾರು ಮಾಡಿದ್ದು, ಹೇಳಿಕೆ ಮಾತೋ ಕಣ್ಣಾರೆ ಕಂಡದ್ದೋ, ಎಲ್ಲವೂ ಪದದ ಬಾಲಕ್ಕೇ ಅಂಟಿಕೊಂಡು ಬರುತ್ತವೆ. ಅವರ ಎಣಿಕೆ ಹಿಡಿದು ನಾವು ಕೂತರೆ ಸುಮ್ನೆ ಸೋತಂತೆ ಅನ್ನಿಸುತ್ತದೆ. ಆದ್ದರಿಂದ ಪದ ಎಣಿಸಬೇಡಿ, ಪುಟ ಎಣಿಸಿ. ಶುರುವಿನಲ್ಲಿ ಸಾಮಾನ್ಯ ನೋಟ್‌ಬುಕ್ಕಿನ ಅರ್ಧ ಪುಟ. ಒಂದು ತಿಂಗಳು ತಪ್ಪದೆ ಆದರೆ ಮುಕ್ಕಾಲು. ನಾನು ಇವತ್ತಿಗೂ ಒಂದು ಪುಟದ ಮೇಲೆ ಹೋಗಿಲ್ಲ. ವರ್ಷಕ್ಕೆ 300 ದಿನ ಕೂತರೂ ಅದು 300 ಪುಟ.

ಟ್ರಾಲಪ್ ಗಡಿಯಾರ ಮುಂದಿಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ, 47 ಕಾದಂಬರಿ ಮುಗಿಸಿದ. ಅವನ ಸಂಖ್ಯೆ ನಮಗೆ ಬೇಡ. ತನಗೆ ಎಷ್ಟು ಆಗುತ್ತದೆ ಅಂತ ಅಳೆದು ನೋಡಿ ಗೊತ್ತು ಮಾಡಿಕೊಂಡಿದ್ದನಲ್ಲ, ಆ ಅಳತೆ ಬೇಕು.

ಶಿಲ್ಕು

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹುಮ್ಮಸ್ಸು ಇದ್ದ ದಿನ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ಗೊತ್ತಿದ್ದದ್ದನ್ನೆಲ್ಲ ಬರೆದು ಮುಗಿಸಿ, ಪೂರ್ತಿ ಖಾಲಿಯಾಗಿ ಏಳುತ್ತೇವೆ. ಮರುದಿನ ಕೂತರೆ ಕೈಯಲ್ಲಿ ಏನೂ ಇಲ್ಲ. ಅವತ್ತೇ ‘ಸ್ಫೂರ್ತಿ ಬರ್ತಿಲ್ಲ’ ಅನ್ನುವ ಮಾತು ಬಾಯಿಗೆ ಬರುವುದು. ಗಲ್ಲಾ ಪೆಟ್ಟಿಗೆಯನ್ನು ರಾತ್ರಿಯೇ ಬರಿದು ಮಾಡಿದರೆ ಬೆಳಿಗ್ಗೆ ಮೊದಲ ಗಿರಾಕಿಗೆ ಚಿಲ್ಲರೆ ಎಲ್ಲಿಂದ ಕೊಡುವುದು?

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಕೂಡ ಇದನ್ನೇ ಹೇಳುತ್ತಿದ್ದ. ಮುಂದೆ ಏನಾಗುತ್ತದೆ ಅಂತ ಇನ್ನೂ ಗೊತ್ತಿರುವಾಗಲೇ ನಿಲ್ಲಿಸಬೇಕು ಅಂತ. ಆದರೆ ನನಗೆ ಇದು ಸರಿಯಾಗಿ ತಲೆಗೆ ಹೋಗಿದ್ದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಮಗ್ಗದ ಮುಂದೆ. ಸಂಬಂಧಿಕರ ಮದುವೆಗೆ ಸೀರೆ ತರಲು ಹೋಗಿದ್ದೆವು. ಒಂದು ಮನೆಯಲ್ಲಿ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕಿದ ಎಳೆಗಳು, ಮುಗಿದಿತ್ತು. ನೇಯ್ದ ಸೀರೆ ಕತ್ತರಿಸಿ ತೆಗೆದಿದ್ದರು. ಆದರೆ ಮಗ್ಗ ಬರಿದಾಗಿರಲಿಲ್ಲ. ಹಳೇ ಹಾಸಿನ ಗೇಣುದ್ದದ ಎಳೆಗಳು ಹಾಗೇ ಇದ್ದವು. ಒಬ್ಬ ಹೆಣ್ಣುಮಗಳು ಅದರ ಮುಂದೆ ಕೂತು, ಹಳೇ ಎಳೆಯೊಂದು, ಹೊಸ ಹಾಸಿನ ಎಳೆಯೊಂದು ಎತ್ತಿ, ಎರಡೂ ತುದಿಗಳನ್ನು ಬೆರಳ ತುದಿಯಲ್ಲಿ ಹೊಸೆದು ಒಂದು ಮಾಡುತ್ತಿದ್ದರು. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡಿದ್ದರು. ಒಂದು ಎಳೆ, ಇನ್ನೊಂದು ಎಳೆ, ಮತ್ತೊಂದು. ಸಾವಿರಾರು ಎಳೆ. ಇದಕ್ಕೆ ‘ಕೆಚ್ಚುವುದು’ ಅನ್ನುತ್ತಾರೆ. ಹಳೆಯದು ಸ್ವಲ್ಪ ಉಳಿದಿದ್ದರೆ ಹೊಸದನ್ನು ಅದರ ಬೆನ್ನಿಗೇ ಎಳೆದುಕೊಳ್ಳಬಹುದು. ಪೂರ್ತಿ ತೆಗೆದುಬಿಟ್ಟರೆ ಒಂದೊಂದು ಎಳೆಯನ್ನೂ ಮತ್ತೆ ಮೊದಲಿಂದ ಪೋಣಿಸಬೇಕು.

ಶಿಲ್ಕು ಉಳಿಸುವುದು ಹೇಗೆ? ನಾನು ಮೂರು ರೀತಿ ಮಾಡುತ್ತೇನೆ. ಟೈಮ್ ಮುಗಿಯಲು ಐದು ನಿಮಿಷ ಇದೆ ಅನ್ನುವಾಗ ಪೆನ್ನು ನಿಲ್ಲಿಸಿ, ಪುಟದ ಕೆಳಗೆ ಅಡ್ಡಗೆರೆ ಎಳೆದು, ‘ಶಿಲ್ಕು’ ಅಂತ ಬರೆದು, ಮುಂದೆ ಏನಾಗುತ್ತದೆ ಅನ್ನುವುದನ್ನು ಎರಡೇ ಸಾಲಿನಲ್ಲಿ ಗೀಚುತ್ತೇನೆ. ವಾಕ್ಯ ಚೆನ್ನಾಗಿರಬೇಕಾಗಿಲ್ಲ. ‘ಹುಡುಗ ಬಾವಿ ಹತ್ತಿರ ಹೋಗ್ತಾನೆ, ಹಗ್ಗ ಇಲ್ಲ, ಅಜ್ಜನ ಪಂಚೆ ನೆನಪಾಗುತ್ತೆ’ ಅಂದರೆ ಸಾಕು. ಎರಡನೆಯದು, ನಡೆಯುತ್ತಿರುವ ವಾಕ್ಯವನ್ನೇ ಅರ್ಧಕ್ಕೆ ಬಿಡುವುದು. ಮೊದಮೊದಲು ಕೈ ಕಡಿಯುತ್ತದೆ, ಆದರೆ ಮರುದಿನ ಬೆಳಿಗ್ಗೆ ಕೂತ ಕ್ಷಣವೇ ಪೆನ್ನು ಓಡುತ್ತದೆ. ಚಿತ್ರಕ್ಕೆ ಮೂರನೆಯದು: ಹೊರಗೆರೆ ಎಲ್ಲ ಮುಗಿಸಿ, ತುಂಬಾ ಇಷ್ಟವಾದ ಒಂದು ಜಾಗದ ಬಣ್ಣವನ್ನು ಬೇಕಂತಲೇ ನಾಳೆಗೆ ಇಡುವುದು.

ಶಿಲ್ಕು ಉಳಿಸಿದರೆ ಇನ್ನೊಂದು ಲಾಭವೂ ಇದೆ. ಬೆಣ್ಣೆದೋಸೆಯ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಡುತ್ತಾರಲ್ಲ. ಅಕ್ಕಿ, ಉದ್ದು, ಒಂದಿಷ್ಟು ಮಂಡಕ್ಕಿ. ರಾತ್ರಿ ಯಾರೂ ಅದನ್ನು ಮುಟ್ಟುವುದಿಲ್ಲ, ಆದರೂ ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ. ಅರ್ಧಕ್ಕೆ ಬಿಟ್ಟ ಸಾಲೂ ಹಾಗೇ. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ನಾವು ಬೇರೆ ಏನೋ ಮಾಡುತ್ತಿರುವಾಗ ಅದು ಒಳಗೆ ಹುದುಗುತ್ತಿರುತ್ತದೆ. ಏನೂ ನೆನೆಹಾಕದೆ ಮಲಗಿದರೆ ಹುದುಗುವುದಕ್ಕೆ ಏನಿರುತ್ತದೆ?

ಕಿರ್ದಿ ಇಡುವ ಕ್ರಮ

ಇದಕ್ಕೆ ಬೇರೆಯೇ ಪುಸ್ತಕ ಬೇಕು. ಬ್ಯಾಗಿನಲ್ಲಿ ಹಿಡಿಸುವಂಥದ್ದು, 200 ಪುಟದ್ದು. ಫೋನಿನಲ್ಲಿ ಬರೆದರೂ ಆಗುತ್ತದೆ. ಆದರೆ ನನ್ನ ಫೋನ್ ಒಮ್ಮೆ ಕೆಟ್ಟು, ರಿಪೇರಿಗೆ ಕೊಟ್ಟು ವಾಪಸ್ ತಂದಾಗ ಅದರೊಳಗೆ ಏನೂ ಇರಲಿಲ್ಲ. 14 ತಿಂಗಳ ಟಿಪ್ಪಣಿ ಹೋಯಿತು. ಅವತ್ತಿನಿಂದ ಕಾಗದವೇ.

ಪುಸ್ತಕ ಬಿಚ್ಚಿ. ಎಡಪುಟದ ಮೇಲೆ ಜಮಾ. ಅಂದರೆ ಇವತ್ತು ನನ್ನ ಕಿವಿಗೆ, ಕಣ್ಣಿಗೆ, ಮೂಗಿಗೆ ಬಂದದ್ದು. ಬಲಪುಟದ ಮೇಲೆ ಖರ್ಚು. ಅಂದರೆ ಇವತ್ತು ಏನು ಮಾಡಿದೆ, ಎಷ್ಟು ಹೊತ್ತು ಕೂತೆ, ಎಷ್ಟು ಪುಟ. ಜಮಾ ದಿನಕ್ಕೆ ಮೂರು ಸಾಲು ಇದ್ದರೆ ಸಾಕು. ನನ್ನದರಿಂದ ಕೆಲವು:

‘ಆನಗೋಡಿನಲ್ಲಿ ಹತ್ತಿದ ಅಜ್ಜಿ. ಆಧಾರ್ ಕಾರ್ಡ್ ಸೆರಗಿನ ಗಂಟಿನಲ್ಲಿ. ಕಂಡಕ್ಟರಿಗೆ ಹೇಳಿದ್ದು: ನಿಧಾನ ಬಿಡಪ್ಪ, ಬುಟ್ಟಿಯಾಗ ಕೋಳಿ ಮಲಗೈತಿ.’

‘ಭರಮಸಾಗರ ದಾಟಿದ ಮೇಲೆ ಗಾಳಿಯಂತ್ರ. ಒಂದೇ ಒಂದು ನಿಂತಿತ್ತು, ಉಳಿದವೆಲ್ಲ ತಿರುಗುತ್ತಿದ್ದವು.’

‘ಹಳೇ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದ್ದವರು, ಬಸ್ ಸ್ಟ್ಯಾಂಡಿನಲ್ಲಿ: ಮಿಲ್ ಮುಚ್ಚಿ ಎಷ್ಟು ವರ್ಷ ಆತು, ಸೈರನ್ ಹೊತ್ತಿಗೆ ಇನ್ನೂ ಎಚ್ಚರಾಗ್ತೈತಿ ನನಗ.’

ನಿಯಮ ಎರಡೇ. ಅವತ್ತಿನದು ಅವತ್ತೇ ಬರೆಯಬೇಕು, ಮತ್ತು ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕು. ‘ಅಜ್ಜಿ ಕೋಳಿಯ ಬಗ್ಗೆ ತುಂಬಾ ಕಾಳಜಿ ತೋರಿಸಿದರು’ ಅಂತ ಬರೆದಿದ್ದರೆ ಎರಡು ತಿಂಗಳ ಮೇಲೆ ಅದು ನನಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ‘ಮಲಗೈತಿ’ ಅನ್ನುವ ಪದದಲ್ಲೇ ಎಲ್ಲ ಇರುವುದು. ಹೆಸರು, ಗುರುತು ಸಿಗುವಂಥ ವಿವರ ಬೇಡ. ಜನ ನಮ್ಮನ್ನು ನಂಬಿ ಮಾತಾಡಿರುತ್ತಾರೆ.

ಭಾನುವಾರ ಅರ್ಧ ಗಂಟೆ ಖಾತೆಗೆ ಹಾಕುವ ಕೆಲಸ. ಅಪ್ಪ ಕಿರ್ದಿಯಲ್ಲಿ ಇರುವುದನ್ನು ಒಬ್ಬೊಬ್ಬ ಗಿರಾಕಿಯ ಖಾತೆಗೆ ಹಾಕುತ್ತಿದ್ದರು. ನಾನು ಪುಸ್ತಕದ ಹಿಂದಿನ ಪುಟಗಳಲ್ಲಿ ಖಾತೆ ಮಾಡಿಕೊಂಡಿದ್ದೇನೆ: ಅಜ್ಜಿಯರು, ನೀರು, ಬಾಗಿಲು, ಶಬ್ದ, ಸುಳ್ಳು. ವಿಷಯ ಹೀಗೆ ಸಣ್ಣದಾಗಿರಲಿ. ‘ಸಮಾಜ’, ‘ಪ್ರೀತಿ’ ಅಂತ ಖಾತೆ ತೆರೆದರೆ ಎಲ್ಲವೂ ಅದರೊಳಗೇ ಹೋಗಿ ಬೀಳುತ್ತದೆ, ಏನೂ ಸಿಗುವುದಿಲ್ಲ.

ಖಾತೆಯಿಂದ ಕಥೆ ಹೇಗೆ ಹುಟ್ಟುತ್ತದೆ ಅಂತ ಒಂದೇ ಉದಾಹರಣೆ ಕೊಡುತ್ತೇನೆ. ಕೋಳಿ ಅಜ್ಜಿ ಖಾತೆಯಲ್ಲಿ ಇದ್ದಳು. ಮೂರು ತಿಂಗಳಾದ ಮೇಲೆ ಇನ್ನೊಂದು ಸಾಲು ಅದರ ಕೆಳಗೆ ಬಂದು ಕೂತಿತು: ‘ಮಗ ರಾತ್ರಿ ಕೇಳಿದ್ದು: ಬಸ್ಸಿನ ಡ್ರೈವರ್ ಮಲಗೋದು ಯಾವಾಗ?’ ಎರಡನ್ನೂ ಒಂದೇ ಪುಟದಲ್ಲಿ ನೋಡಿದಾಗ ಕಥೆ ಸಿಕ್ಕಿತು. ಬಸ್ಸಿನಲ್ಲಿ ಒಂದು ಕೋಳಿ ಮಲಗಿದೆ ಅಂತ ಡ್ರೈವರ್ ಹಾರ್ನ್ ಹೊಡೆಯದೆ ಊರಿಂದ ಊರಿಗೆ ಹೋಗುತ್ತಾನೆ. ಒಬ್ಬೊಬ್ಬರಾಗಿ ಪ್ರಯಾಣಿಕರೆಲ್ಲ ನಿದ್ದೆಹೋಗುತ್ತಾರೆ. ಯಾವುದೋ ಒಂದು ಕ್ಷಣದಲ್ಲಿ ಅದು ನನಗೆ ಹೊಳೆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ಸಾಲು ಅಕ್ಕಪಕ್ಕ ಕೂರುವುದಕ್ಕೆ ಮೂರು ತಿಂಗಳು ಬೇಕಾಯಿತು. ಪುಸ್ತಕ ಇರದಿದ್ದರೆ ಅವು ಸೇರುತ್ತಲೇ ಇರಲಿಲ್ಲ.

ಜಮಾ ಎಲ್ಲಿಂದ ಬರುತ್ತದೆ

ಹೊಸ ಊರು ನೋಡಿದರೆ ಹೊಸದು ಹೊಳೆಯುತ್ತದೆ ಅಂತ ಹಲವರಿಗೆ ನಂಬಿಕೆ. ನನ್ನ ಅನುಭವ ಉಲ್ಟಾ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಚಳ್ಳಕೆರೆ ಸೀಮೆಯ ತಳಕಿನ ತ.ರಾ.ಸು. ಅವರನ್ನೇ ನೋಡಿ. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆ ಒಂದನ್ನೇ ಹಿಡಿದು ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಕೊನೆಗಾಲದಲ್ಲಿ ಬರೆದ ‘ದುರ್ಗಾಸ್ತಮಾನ’ಕ್ಕೆ, ಅವರು ತೀರಿಕೊಂಡ ಮರುವರ್ಷ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕೋಟೆ, ಅದೇ ಕಲ್ಲು. ಅವರಿಗೆ ಅದು ಮುಗಿಯಲೇ ಇಲ್ಲ.

ಹಾಗಾಗಿ ನಿಮಗೊಂದು ಜಾಗ ಗೊತ್ತುಮಾಡಿಕೊಂಡು ವರ್ಷಕ್ಕೆ 12 ಸಲ, ತಿಂಗಳಿಗೊಮ್ಮೆ ಹೋಗಿ. ದಾವಣಗೆರೆಯವರಿಗೆ ಕುಂದವಾಡ ಕೆರೆ ಏರಿ ಇದೆ. ಗಲಾಟೆ ಇಷ್ಟಪಡುವವರಿಗೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಇದೆ. ಚಿತ್ರದುರ್ಗದವರಿಗೆ ಚಂದ್ರವಳ್ಳಿ. ಅಲ್ಲಿ ಮಯೂರಶರ್ಮನ ಶಾಸನ ಇದೆ, ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ. ಅದರ ಮುಂದೆ ನಿಂತು ಕೆರೆಯ ಕಡೆ ಕಿವಿ ಕೊಟ್ಟರೆ ಒಂದು ಕಥೆಗೆ ಆಗುವಷ್ಟು ಸಿಗುತ್ತದೆ.

ಕೋಟೆಗೆ ಹೋದರೆ ಎಲ್ಲರೂ ಒನಕೆ ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆದು ಬರುತ್ತಾರೆ. ನೀವು ಅಲ್ಲೇ ಹತ್ತಿರದ ತಣ್ಣೀರು ದೋಣಿಯ ಪಕ್ಕ ಒಂದು ಬಿಂದಿಗೆ ತುಂಬುವಷ್ಟು ಹೊತ್ತು ಕೂತುಕೊಳ್ಳಿ. ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರಲು ಬಂದಿದ್ದಾಳೆ, ಅಷ್ಟರಲ್ಲಿ ಕಿಂಡಿಯಲ್ಲಿ ಸದ್ದು. ಒನಕೆ ಎತ್ತಿದ್ದನ್ನು ಎಲ್ಲರೂ ಬರೆದಿದ್ದಾರೆ. ಆ ತಟ್ಟೆಯಲ್ಲಿ ಏನಿತ್ತು? ನೀರಿಲ್ಲದೆ ಅವನು ಎಷ್ಟು ತುತ್ತು ತಿಂದ? ಅದನ್ನು ಕೇಳಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಕಥೆಯೊಳಗೆ ಯಾರೂ ನೋಡದ ಒಂದು ಪಾತ್ರೆ ಪಗಡೆ ಇದ್ದೇ ಇರುತ್ತದೆ.

ನಡೆಯುವುದನ್ನಂತೂ ಬಿಡಬೇಡಿ. ಕುವೆಂಪು ಅವರಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿ ಇತ್ತು. ಡಾರ್ವಿನ್ ತನ್ನ ಮನೆಯ ಹಿಂದೆ ನಡೆಯುವುದಕ್ಕೆ ಅಂತಲೇ ದಾರಿ ಮಾಡಿಸಿಕೊಂಡಿದ್ದ. ಸುತ್ತಿನ ಲೆಕ್ಕ ತಪ್ಪಬಾರದು ಅಂತ ಕಲ್ಲು ಗುಡ್ಡೆ ಹಾಕಿ ಒಂದು ಸುತ್ತಿಗೆ ಒಂದು ಕಲ್ಲು ಒದೆಯುತ್ತಿದ್ದ. ಎಣಿಕೆಯ ಕೆಲಸ ಕಾಲಿಗೆ ಕೊಟ್ಟರೆ ತಲೆ ಖಾಲಿಯಾಗಿ ಯೋಚಿಸುತ್ತದೆ. ನಡೆಯುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ, ಜಮಾ ಬರುವ ದಾರಿಯನ್ನೇ ಮುಚ್ಚಿದ ಹಾಗಾಗುತ್ತದೆ.

ತಪ್ಪಿಹೋದ ದಿನಗಳಿಗೆ

ಮದುವೆ, ಜಾತ್ರೆ, ಸಾವು, ಜ್ವರ, ಮಗನ ಪರೀಕ್ಷೆ. ಇವೆಲ್ಲ ಬರುತ್ತವೆ. ಕಿರ್ದಿಯಲ್ಲಿ ಬಾಕಿ ಇರಬಹುದು, ನಮ್ಮ ಪುಟಗಳ ಲೆಕ್ಕದಲ್ಲಿ ಬಾಕಿ ಇರಬಾರದು. ಮೂರು ದಿನ ತಪ್ಪಿದರೆ ನಾಲ್ಕನೇ ದಿನ ಅರ್ಧ ಪುಟ, ಅಷ್ಟೇ. ಎರಡು ಪುಟ ಬರೆದು ಸರಿ ಮಾಡಲು ಹೋಗಬೇಡಿ. ನನ್ನ ಏಳು ತಿಂಗಳು ಹೋಗಿದ್ದು ಆ ಆಸೆಯಿಂದಲೇ.

ಕೂರಲು ಆಗದ ದಿನವೂ ಜಮಾ ಮಾತ್ರ ಬರೆಯಿರಿ. ಆಸ್ಪತ್ರೆಯ ಬೆಂಚಿನ ಮೇಲೂ ಮೂರು ಸಾಲು ಬರೆಯಬಹುದು. ನನ್ನಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ನಾನು ಒಂದು ಪುಟ ಕಥೆಯನ್ನೂ ಬರೆಯಲಿಲ್ಲ. ಆದರೆ ಎಡಪುಟ ತುಂಬಿದೆ. ಒಂದು ಸಾಲು: ‘ಅಪ್ಪ ನರ್ಸನ್ನು ಕೇಳಿದರು: ಇವತ್ತಿನ ತಾರೀಖು ಎಷ್ಟಮ್ಮ? ಮೇಲೆ ಬರೀಬೇಕಲ್ಲ.’ ಅದನ್ನು ಬರೆದುಕೊಂಡದ್ದಕ್ಕೆ ಇವತ್ತಿಗೂ ಸಮಾಧಾನ ಇದೆ.

ಎರಡು ಮೂರು ವಾರ ಕೂತರೂ ಏನೂ ಬರುತ್ತಿಲ್ಲ ಅನ್ನಿಸಿದರೆ ಕೆಲಸ ಬದಲಿಸಿ, ಹೊತ್ತು ಬದಲಿಸಬೇಡಿ. ಕಥೆ ನಿಂತರೆ ಅದೇ 45 ನಿಮಿಷ ಚಿತ್ರ ಬಿಡಿಸಿ, ಇಲ್ಲದಿದ್ದರೆ ಇಷ್ಟವಾದ ಒಂದು ಪುಟವನ್ನು ನಕಲು ಮಾಡಿ. ಕುರ್ಚಿ ಮಾತ್ರ ಖಾಲಿ ಬಿಡಬೇಡಿ.

ಯಾರಿಗೆ ತೋರಿಸಬೇಕು

ಮುಗಿಯುವ ಮುಂಚೆ ಒಬ್ಬರಿಗೇ ತೋರಿಸಿ. ನಿಮ್ಮನ್ನು ಹೊಗಳಲೇಬೇಕು ಅಂತ ಇಲ್ಲದವರಿಗೆ. ನನಗೆ ಅತ್ತೆ ಇದ್ದಾರೆ. ಓದಿದಾಗ ಅವರು ಎಲ್ಲಿ ಸೊಪ್ಪು ಬಿಡಿಸುವುದು ನಿಲ್ಲಿಸುತ್ತಾರೆ ಅಂತ ನೋಡುತ್ತೇನೆ. ಅಲ್ಲಿ ಕಥೆ ಸರಿಯಾಗಿದೆ ಅಂತ ಲೆಕ್ಕ.

ಜೊತೆಗೆ ಒಂದು ಗಡುವು ಇದ್ದರೆ ಒಳ್ಳೆಯದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಶುರುವಾದ ‘ಶಿವಸಂಚಾರ’ ವರ್ಷ ವರ್ಷ ಮೂರು ಹೊಸ ನಾಟಕ ಸಿದ್ಧ ಮಾಡಿಕೊಂಡು ನಾಡಿನ ತುಂಬಾ ತಿರುಗುತ್ತದೆ. ತಂಡ ಹೊರಡುವ ದಿನ ಬಂತು ಅಂದರೆ ನಾಟಕ ಸಿದ್ಧ ಇರಲೇಬೇಕು. ನಮಗೆ ಅಂಥ ತಂಡ ಇಲ್ಲ. ಹಾಗಾಗಿ ನಾನು ಮಗನ ಶಾಲೆಯ ರಜೆ ಶುರುವಾಗುವ ದಿನವನ್ನೇ ಗಡುವು ಮಾಡಿಕೊಂಡಿದ್ದೇನೆ. ಅವತ್ತು ರಾತ್ರಿ ಅವನಿಗೆ ಹೊಸ ಕಥೆ ಓದಿ ಹೇಳಬೇಕು. ಅವನು ಕಾಯುತ್ತಿರುತ್ತಾನೆ.

ಈ ರಜೆಯ ಕಥೆ ಮಿಲ್ಲಿನ ಸೈರನ್ನಿನದ್ದು. ಆರು ಪುಟ ಆಗಿದೆ. ಇವತ್ತು ಬೆಳಿಗ್ಗೆ ಐದೂ ನಲವತ್ತಕ್ಕೆ ಪೆನ್ನು ನಿಲ್ಲಿಸಿ, ಅಡ್ಡಗೆರೆ ಎಳೆದು ಬರೆದದ್ದು ಹೀಗಿದೆ:

‘ಶಿಲ್ಕು: ತಾತ ಎದ್ದು ಕೂತಿದ್ದಾನೆ. ಸೈರನ್ ಇಲ್ಲ. ಮೊಮ್ಮಗಳು ಬಾಗಿಲ ಸಂದಿಯಿಂದ ನೋಡ್ತಾಳೆ, ಬಾಯಿಗೆ ಎರಡೂ ಕೈ ಇಟ್ಟು ಮೆಲ್ಲಗೆ’